ಸೊಪ್ಪಿನ ಬೆಟ್ಟ ಒಬ್ಬರೇ ಕಾದರೆ ಸಾಕಾ?

ಶಿರಸಿ ತೋಟದವಳು:
ನಮ್ಮ ಸೊಪ್ಪಿನ ಬೆಟ್ಟದಲ್ಲಿ (ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಸರ್ಕಾರ ಬಿಟ್ಟುಕೊಟ್ಟ ಕಾಡು) ಸೊಪ್ಪಿಗಾಗಿ ಮರದ ಕೊಂಬೆ ಸವರುವುದನ್ನು ಕಡಿಮೆ ಮಾಡಿದ್ದೇವೆ, ಗೊಬ್ಬರಕ್ಕೆ ದರಕೇ, ಅಂದರೆ ಉದುರಿದ ಒಣ ಎಲೆಯೇ ಜಾಸ್ತಿ. ಅಡಿಕೆ ಬೇಯಿಸಲು ಸೌದೆ ಕಡಿಮೆ ಸಾಕಾಗುವ ಅಸ್ತ್ರ ಒಲೆ, ಅಡುಗೆಗೆ ಗೋಬರ್ ಗ್ಯಾಸ್. ಪಕ್ಕದ ಬೆಟ್ಟದವರು "ನೀವೊಬ್ಬರು ಬಿಟ್ಟರೆ ಕಾಡು ಉಳಿಯತ್ತಾ?" ಅಂದರು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಕೊಟ್ಟಿದ್ದಾರೆ, ಅಷ್ಟು ಜಾಗ ಉಳಿದರೂ ದೊಡ್ಡದೇ ಅಲ್ವಾ? ನೀವೆಲ್ಲ ಏನಂತೀರಿ?

ಕುಮಟಾ ಗಜನಿ:
ಅಕ್ಕಾ, ಒಳ್ಳೆಯದೇ, ಆದರೆ ಸಾಲದು. ನಮ್ಮ ಕುಮಟಾದ ಮಾಣಿಕಟ್ಟಾದಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗ ಭತ್ತದ ಗದ್ದೆ ನೋಡಿ. ಅಘನಾಶಿನಿ ಹೊಳೆಯ ಉಪ್ಪುನೀರು ತಡೆಯುವ ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ನೀರು ನುಗ್ಗುತ್ತದೆ, ಹಾಗಾಗಿ ಕಟ್ಟೆ ಕಾಯುವುದು ಒಬ್ಬರ ಕೈಲಿ ಆಗುವ ಕೆಲಸವೇ ಅಲ್ಲ. ಮಳೆ ಬಿದ್ದು ಉಪ್ಪು ತೊಳೆದು ಹೋದ ಮೇಲೆ ಒಟ್ಟಿಗೇ ಬಿತ್ತನೆ. ಗೊಬ್ಬರವಿಲ್ಲ, ಮದ್ದಿಲ್ಲ. ಕೊಯ್ಲಾದ ಮೇಲೆ ಹೊಳೆ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು. ನಡುವೆ ನಾಲ್ಕು ಜನ ಸಿಗಡಿ ಕೆರೆಗೆ ಗದ್ದೆ ಕೊಟ್ಟರೆ ಉಳಿದವರ ಬೇಸಾಯವೂ ಕೆಡುತ್ತದೆ.

ಹೊನ್ನಾವರದ ಬಲೆ:
ನಮ್ಮ ಹೊನ್ನಾವರದ ಕಡಲ ದಂಡೆ ಕಾಸರಕೋಡ ಟೊಂಕದಲ್ಲಿ ಬಂದರು ಬೇಡ ಅಂತ ನಿಂತವರಲ್ಲಿ ಒಣಮೀನು ಮಾಡುವ ಹೆಂಗಸರೂ ಇದ್ದಾರೆ. ಮೀನು ಹಾಸುವ ಆ ದಂಡೆಯಲ್ಲೇ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಅಲ್ಲಿ ಒಲೆ ಬದಲಿಸಿ ಏನು ಮಾಡೋಣ ಹೇಳಿ? ರಸ್ತೆಗೆ ಇಳಿಯಲೇಬೇಕು. ಕೇಸು ಬೀಳುತ್ತದೆ, ಕೂಲಿ ಹೋಗುತ್ತದೆ. ಇಷ್ಟಾದರೂ ಘಟ್ಟದ ಮೇಲಿನವರು ನಮ್ಮ ಸಭೆಗೆ ಬರುವುದು ಕಡಿಮೆ.

ಶಿರಸಿ ತೋಟದವಳು:
ಬರಬೇಕು, ಒಪ್ಪಿದೆ. ಆದರೆ ಒಲೆಯನ್ನು ಸಣ್ಣದು ಮಾಡಬೇಡಿ ಅಣ್ಣಾ. 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿಯ ಸಾಲ್ಕಣಿ ಕಡೆಯವರು ಕಡಿಯದಂತೆ ಮರ ಅಪ್ಪಿ ನಿಂತರಲ್ಲ, ಆ ಅಪ್ಪಿಕೊ ಚಳವಳಿ ಹೇಳಿದ್ದು "ಉಳಿಸು, ಬೆಳೆಸು, ಬಳಸು" ಅಂತ. ಕಡಿಯಬೇಡಿ ಅಂತ ಕೂಗುವವರ ಮನೆಯ ಹಿಂದೆ ಹಸಿ ಸೌದೆಯ ರಾಶಿ ಬಿದ್ದಿದ್ದರೆ ಯಾರು ಮಾತು ಕೇಳ್ತಾರೆ?

ಸಿದ್ದಾಪುರ ಹಳ್ಳಿಮನೆ:
ಅಕ್ಕಾ, ದರಕು ಪೂರ್ತಿ ಗುಡಿಸಬೇಡಿ. ನೆಲ ಬೋಳಾದರೆ ನೀರು ಇಂಗುವುದಿಲ್ಲ, ಮಣ್ಣು ಕೊಚ್ಚಿಕೊಂಡು ನಿಮ್ಮ ತೋಟದ ಕಾಲುವೆಗೇ ಬರುತ್ತದೆ, ಸಸಿಯೂ ಏಳುವುದಿಲ್ಲ. ನಮ್ಮಲ್ಲಿ ಅಕ್ಕಪಕ್ಕದ ಮನೆಯವರು ಸೇರಿ ಬೆಟ್ಟದ ಒಂದೊಂದು ಪಾಲನ್ನು ಸರದಿ ಮೇಲೆ ಮುಟ್ಟದೆ ಬಿಡುತ್ತೇವೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಆರಿಸಲು ಎಲ್ಲರೂ ಓಡುತ್ತಾರೆ, ಯಾಕೆಂದರೆ ಎಲ್ಲರ ಪಾಲೂ ಅಲ್ಲಿದೆ.

ಶಿರಸಿ ತೋಟದವಳು:
ಸರದಿ ಮಾಡಬಹುದು. ಪಕ್ಕದವರನ್ನು ಈ ಭಾನುವಾರವೇ ಕೇಳುತ್ತೇನೆ. ಹೊನ್ನಾವರದಣ್ಣ, ಮುಂದಿನ ಸಭೆ ಯಾವತ್ತು, ಇಲ್ಲೇ ಹಾಕಿ.