ಸಹಾಯ ಬೇಕು: ಲೇಔಟ್ ಬೋರ್‌ನಿಂದ ನಮ್ಮ ನೀರು ಕೆಟ್ಟಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ತಾಲ್ಲೂಕಿನ ಹಳ್ಳಿ. ಊರ ಪಕ್ಕದ ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗಿ ಲೇಔಟ್ ಬರುತ್ತಿದೆ. ಅವರು ನಾಲ್ಕು ಬೋರ್ ಕೊರೆಸಿದ ಮೇಲೆ ನಮ್ಮ ಓಣಿಯ ಬೋರ್ ನೀರು ಸವಳಾಗಿದೆ. ಬೇಳೆ ಬೇಯುವುದಿಲ್ಲ, ಕೊಡದೊಳಗೆ ಬಿಳಿ ಪೊರೆ ಕಟ್ಟುತ್ತದೆ. ಪರೀಕ್ಷೆ ಮಾಡಿಸಿದರೆ ಫ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ. ಮಿತಿ 1.5 ಅಲ್ವಾ? ಮಕ್ಕಳು ಇದನ್ನೇ ಕುಡಿಯುತ್ತಿವೆ.

ಲೇಔಟ್ ಬೋರ್ಡಿನಲ್ಲಿ ‘24 ಗಂಟೆ ನೀರು’ ಎಂದಿದೆ. ನಮಗೆ ದಿನಕ್ಕೆ ಆರೇ ಕೊಡ. ಇದು ಯಾವ ನ್ಯಾಯ?

ಎರಡು ಸಲ ಅರ್ಜಿ ಕೊಟ್ಟೆವು. ಸುಮ್ನೆ ಒಂದು ಆಫೀಸಿನಿಂದ ಇನ್ನೊಂದಕ್ಕೆ ಕಳಿಸುತ್ತಾರೆ. 2011ರ ಅಂತರ್ಜಲ ಕಾಯ್ದೆ ಇದೆ ಎಂದು ಒಬ್ಬರು ಹೇಳಿದರು.

ಗೊತ್ತಿದ್ದವರು ಹೇಳಿ: ಆ ಕಾಯ್ದೆಯಡಿ ಬೋರ್ ನಿಲ್ಲಿಸಲು ದೂರು ಕೊಡಬೇಕೋ, ಲೇಔಟ್ ಮಂಜೂರಾತಿಗೇ ತಕರಾರು ಹಾಕಬೇಕೋ? ಮೊದಲು ಯಾವುದು, ಜೊತೆಗೆ ಯಾವ ಕಾಗದ ಬೇಕು?