ಹಳೇ ಪ್ಯಾಕೇಜ್‌ಗಳಿಗೆ ಶೆಲ್ ಸ್ಕ್ರಿಪ್ಟ್ ಸಾಕಾ? ಮಾಡಿದವರು ಹೇಳಿ

ಕೊಪ್ಪಳ_ಆಫೀಸ್: ನಮ್ಮಲ್ಲಿ ಉಬುಂಟು 18.04 ಲಿನಕ್ಸ್ ಇರುವ 6 ಮಷಿನ್ ಇವೆ. ಪ್ಯಾಕೇಜ್‌ಗಳೆಲ್ಲ ಹಳೆಯವು, ಒಂದನ್ನು ಮುಟ್ಟಿದರೆ ಇನ್ನೊಂದು ಕೈಕೊಡುತ್ತದೆ. ಅವನ್ನು ಅಪ್‌ಡೇಟ್ ಮಾಡುವ ಬ್ಯಾಶ್ ಸ್ಕ್ರಿಪ್ಟ್ (ಶೆಲ್ ಕಮಾಂಡ್‌ಗಳ ಫೈಲ್) ಬರೆದು, ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ಗೆ ಹಾಕಿದರೆ ಸಾಕಾ?

ರಾಯಚೂರು_ಹತ್ತಿಮಿಲ್: ನಾನು ಮಾಡಿ ಕೈ ಸುಟ್ಟುಕೊಂಡವನು. ಮಾವನವರ ಜಿನ್ನಿಂಗ್ ಮಿಲ್ಲಿನಲ್ಲಿ ಸೆಂಟ್‌ಓಎಸ್ 7 ಇತ್ತು, ಅದೂ ಒಂದು ಲಿನಕ್ಸೇ. ಭಾನುವಾರ ರಾತ್ರಿ ಪ್ಯಾಕೇಜ್ ಏರಿಸುವ ಯಮ್ ಅಪ್‌ಡೇಟ್ ಕಮಾಂಡನ್ನು ಓಡಿಸುವ ಸ್ಕ್ರಿಪ್ಟ್ ಬರೆದೆ. ಮೇಲ್ ಕಾಟ ಬೇಡ ಅಂತ ಕೊನೆಗೆ ‘|| ಟ್ರೂ’ (ಕೆಟ್ಟರೂ ಸರಿಹೋಯಿತು ಅನ್ನು ಅಂತ) ಸೇರಿಸಿ, ಔಟ್‌ಪುಟ್ಟನ್ನು ಡೆವ್ ನಲ್ ಅನ್ನೋ ಕಸದ ಗುಂಡಿಗೆ ತಳ್ಳಿದೆ. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಸಪೋರ್ಟ್ ಮುಗಿಯಿತು, ಪ್ಯಾಕೇಜ್ ಎಲ್ಲಿ ಸಿಗುತ್ತದೆ ಅಂತ ಹೇಳುವ ಮಿರರ್‌ಲಿಸ್ಟ್ ಹೋಯಿತು. ನನ್ನ ಸ್ಕ್ರಿಪ್ಟ್ ಮಾತ್ರ ನಾಲ್ಕು ತಿಂಗಳು ಸುಮ್ನೆ ಓಡುತ್ತಲೇ ಇತ್ತು. ಗೊತ್ತಾದ ಮೇಲೆ ಸೆಡ್ ಕಮಾಂಡಿನಿಂದ ರೆಪೊ ಫೈಲನ್ನು (ಪ್ಯಾಕೇಜ್ ತರುವ ವಿಳಾಸ ಇರುವುದು) ಹಳೆಯವನ್ನು ಇಡುವ ವಾಲ್ಟ್‌ಗೆ ತಿರುಗಿಸಿದೆ. ಅಲ್ಲಿ ಹಳೇ ಸರಕು ಸಿಗುತ್ತದೆ ಅಷ್ಟೆ, ಹೊಸ ಪ್ಯಾಚ್ ಎಲ್ಲಿಂದ ಬರಬೇಕು? ಕೊನೆಗೆ ಅದರ ಬದಲು ಅಲ್ಮಾಲಿನಕ್ಸ್ 9 ಹಾಕಿದೆ. ಡಿಸ್ಕಿಗೆ 3,850 ರೂಪಾಯಿ, ಎರಡು ರಾತ್ರಿಯ ನಿದ್ದೆ. ಬೆಳಿಗ್ಗೆ ನೋಡಿದರೆ ತೂಕದ ಚೀಟಿ ಬರುತ್ತಿಲ್ಲ. ಆ ಪ್ರೋಗ್ರಾಂ ಪೈಥಾನ್ 2ರದ್ದು, 9ರಲ್ಲಿ ಪೈಥಾನ್ 2 ಇಲ್ಲವೇ ಇಲ್ಲ. ಗೇಟಿನಲ್ಲಿ 14 ಹತ್ತಿ ಗಾಡಿ. ಪೆನ್ನು ಹಿಡಿದು ಚೀಟಿ ಬರೆದೆ.

ಬಳ್ಳಾರಿ_ಜೀನ್ಸ್: ‘|| ಟ್ರೂ’ ಹಾಕಿ ಆಮೇಲೆ ಸ್ಕ್ರಿಪ್ಟನ್ನು ಬೈಯುವುದಾ! ನನ್ನದು 40 ಸಾಲು, ಐದು ವರ್ಷದಿಂದ ಜೀನ್ಸ್ ಯೂನಿಟ್‌ನಲ್ಲಿ ಓಡುತ್ತಿದೆ. ತಪ್ಪಾದರೆ ಅಲ್ಲೇ ನಿಲ್ಲಲಿ ಅಂತ ಮೇಲೆ ಸೆಟ್ ಮೈನಸ್ ಇ, ಪೈಪ್‌ಫೇಲ್. ಪ್ಯಾಕೇಜ್ ಏರಿಸುವ ಕಮಾಂಡ್ ಆಪ್ಟ್ ಅಲ್ಲ, ಆಪ್ಟ್-ಗೆಟ್. ಸ್ಕ್ರಿಪ್ಟ್‌ನಲ್ಲಿ ಜೋಪಾನ ಅಂತ ಆಪ್ಟ್ ತಾನೇ ಹೇಳುತ್ತದೆ, ಯಾರೂ ಓದುವುದಿಲ್ಲ. ನಾನು ಮುಗ್ಗರಿಸಿದ್ದು ಒಂದೇ ಸಲ. ಸರಿ, ಎರಡು ಸಲ. ಹಳೇ ಕರ್ನಲ್‌ಗಳು ಸೇರಿ ಬೂಟ್ ಪಾರ್ಟಿಷನ್ ತುಂಬಿಹೋಗಿತ್ತು. ಇನ್ನೊಂದು, ಹಳೇ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಪಟ್ಟಿ ಕೊಡುವ ಎನ್‌ಪಿಎಂ ಔಟ್‌ಡೇಟೆಡ್. ಹಳೆಯದು ಏನಾದರೂ ಸಿಕ್ಕರೆ ಅದು ಎಕ್ಸಿಟ್ ಕೋಡ್ 1 (0 ಅಲ್ಲದ್ದೆಲ್ಲ ತಪ್ಪು ಅಂತ ಲೆಕ್ಕ) ಕೊಡುತ್ತದೆ. ಸೆಟ್ ಮೈನಸ್ ಇ ಅದನ್ನೇ ತಪ್ಪು ಅಂದುಕೊಂಡು ಅಲ್ಲೇ ನಿಂತುಬಿಡುತ್ತಿತ್ತು.

ರಾಯಚೂರು_ಹತ್ತಿಮಿಲ್: ಆ ಸಾಲಿಗೆ ಏನು ಹಾಕಿ ಸರಿ ಮಾಡಿದಿರಿ?

ಬಳ್ಳಾರಿ_ಜೀನ್ಸ್: ‘|| ಟ್ರೂ’. ಆ ಒಂದು ಸಾಲಿಗೆ ಮಾತ್ರ ರೀ!

ಗಂಗಾವತಿ_ಅಕ್ಕಿಮಿಲ್: ಇಬ್ಬರೂ ಪೈಥಾನ್ ಪ್ಯಾಕೇಜ್ ತರುವ ಪಿಪ್ ಸುದ್ದಿಗೇ ಬರಲಿಲ್ಲ. ನಾನು ಹಳೆಯವುಗಳ ಪಟ್ಟಿಯನ್ನು, ಅದನ್ನು ಕಮಾಂಡಿಗೆ ದಾಟಿಸುವ ಎಕ್ಸ್‌ಆರ್ಗ್ಸ್‌ಗೆ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಏರಿಸಿದೆ. ಮುಂಚೆ ಪಿಪ್ ಫ್ರೀಜ್ ಮಾಡಿ ಇದ್ದ ವರ್ಷನ್‌ಗಳನ್ನು ಬರೆದಿಟ್ಟಿರಲಿಲ್ಲ. ಬಿಲ್ಲಿನ ಪಿಡಿಎಫ್ ನಿಂತಿತು. ಯಾವ ವರ್ಷನ್ ಇತ್ತೋ ಅಂತ ಊಹಿಸಿ ಒಂದೊಂದೇ ಇಳಿಸಿದೆ. 31 ಪ್ಯಾಕೇಜ್, ಮುಗಿದಾಗ ಬೆಳಗಿನ ಜಾವ 4 ಗಂಟೆ. ಮಾಲೀಕರು ನನ್ನ ವರ್ಷದ ಕೂಲಿ 6,000ದಲ್ಲಿ 1,500 ಮುರಿದುಕೊಂಡರು. ಅದು ಇನ್ನೂ ಉರಿಯುತ್ತದೆ. ಈಗ ಸ್ಕ್ರಿಪ್ಟ್ ಪಟ್ಟಿ ಕಳಿಸುತ್ತದೆ, ಏರಿಸುವುದು ಕೈಯಿಂದಲೇ. ಕೊಪ್ಪಳದವರೇ, 18.04ರ ಮಾಮೂಲಿ ಸಪೋರ್ಟ್ 2023ರ ಮೇ ತಿಂಗಳಿಗೇ ಮುಗಿದಿದೆ, ಸ್ಕ್ರಿಪ್ಟ್ ಪಾಪ ಏನು ತಂದುಕೊಡುತ್ತದೆ? ಅಂದ ಹಾಗೆ ರಾಯಚೂರಿನವರು ಕೂಲಿ ಲೆಕ್ಕವೇ ಹೇಳಲಿಲ್ಲ. ನಿಮ್ಮಂಥವರು ಪುಕ್ಕಟೆ ಮಾಡಿಕೊಡುವುದರಿಂದಲೇ ನಮ್ಮ ರೇಟು ಕೆಡುವುದು.

ಬಳ್ಳಾರಿ_ಜೀನ್ಸ್: ವರ್ಷಕ್ಕೆ 6,000 ಅಂತ ಒಪ್ಪಿಕೊಂಡ ನೀವೇ ರೇಟು ಕೆಡಿಸಿದವರು.

ರಾಯಚೂರು_ಹತ್ತಿಮಿಲ್: ಮಾವನವರ ಮಿಲ್ಲು ಅಂದೆನಲ್ಲ. ಮಗಳನ್ನು ಕೊಟ್ಟವರಿಗೆ ಬಿಲ್ ಕಳಿಸುವುದಾ?