ತಂಗಿ, ಗುದ್ದಲಿ ಎತ್ತುವ ಮೊದಲು ಇದನ್ನು ಕೇಳು

ತಂಗಿ, ನಿನ್ನ ಮೆಸೇಜು ಬೆಳಿಗ್ಗೆನೇ ನೋಡಿದೆ. ಬೆರಳಲ್ಲಿ ಒತ್ತುತ್ತಾ ಕೂತರೆ ಸಂಜೆ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಚಹಾ ಮಾಡಿಕೊಂಡು ಕೂತು ಕೇಳು. ನಿಮ್ಮಪ್ಪನ ಹಾಗೆ ಡಬಲ್ ಸ್ಪೀಡಿನಲ್ಲಿ ಓಡಿಸಬೇಡ. ಅವನಿಗೆ ಅರ್ಧ ತಿಳಿಯುವುದಿಲ್ಲ, ಮತ್ತೆ ನನಗೇ ಫೋನ್ ಹಚ್ಚುತ್ತಾನೆ.

ನೀನು ಕೇಳಿದ್ದು ಏನಪ್ಪಾ ಅಂದರೆ, ವಿಜಯಪುರದ ಹೊಸ ಮನೆ ಹಿಂದೆ 20 ಅಡಿ 15 ಅಡಿ ಜಾಗ ಇದೆ, ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಕಲ್ಲಾಗಿ ಬಿರುಕು ಬಿಟ್ಟಿದೆ, ಅದರ ಮೇಲೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹಾಕಿಸಿ, ವಿಡಿಯೋದಲ್ಲಿ ತೋರಿಸಿದಂತೆ ಎತ್ತರದ ಮಡಿ ಕಟ್ಟಿ, ಯುಗಾದಿಗೆ ಮನೆ ಕಾಯಿಪಲ್ಲೆ ತಿನ್ನಬಹುದಾ ಅಂತ. ನಮ್ಮ ವೈನಿ, ಅಂದರೆ ನಿಮ್ಮವ್ವ, ಕೆಳಗೆ ಬೂದಿ ಹಾಕು ಅಂತ ಬರೆದಿದ್ದಾರೆ. ಅದಕ್ಕೂ ಬರುತ್ತೇನೆ.

ಮೊದಲು ಕೆಂಪು ಮಣ್ಣು. ಬೇಡ. ಸುಮ್ನೆ ದುಡ್ಡು ದಂಡ. ಎರಿ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿದರೆ ಮೇಲಿನದೊಂದು ಕೆಳಗಿನದೊಂದು ಆಗುತ್ತದೆ, ನೀರೂ ಅಲ್ಲೇ ತಡೆಯುತ್ತದೆ, ಬೇರೂ ಅಲ್ಲೇ ತಡೆಯುತ್ತದೆ. ಕುಂಡಕ್ಕೆ ಬೇಕಾದರೆ ಎರಡು ಚೀಲ ತರಿಸು, ಸಾಕು. ನಿನ್ನ ಕಾಲ ಕೆಳಗಿರುವುದು ಡೋಣಿ ಹೊಳೆ ಸೀಮೆಯ ಮಣ್ಣವ್ವಾ. ಹಿಂಗಾರಿ ಜೋಳ ಬರೀ ಆ ಮಣ್ಣು ಹಿಡಿದಿಟ್ಟ ತೇವದ ಮೇಲೆ ಬೆಳೆದು ನಿಲ್ಲುತ್ತದೆ. ಅದನ್ನು ಬಿಟ್ಟು ಹೊರಗಿನದನ್ನು ಯಾಕೆ ತರುತ್ತೀ?

ಆದರೆ ಎರಿಗೆ ಸೊಕ್ಕು ಜಾಸ್ತಿ. ಹಸಿ ಇದ್ದಾಗ ಮುಟ್ಟಿದರೆ ಮುಗಿಯಿತು. ನಾನು ನವನಗರಕ್ಕೆ ಬಂದ ಮೊದಲ ವರ್ಷ ಇದೇ ತಪ್ಪು ಮಾಡಿದೆ. ನೆಲ ಗಟ್ಟಿ ಇದೆ ಅಂತ ರಾತ್ರಿಯೆಲ್ಲ ಪೈಪು ಬಿಟ್ಟೆ, ಬೆಳಿಗ್ಗೆ ಎದ್ದವನೇ ಗುದ್ದಲಿ ಹಿಡಿದು ಇಳಿದೆ. ಚಪ್ಪಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತಿಕೊಂಡಿತು. ತುಳಿದು ತುಳಿದು ಅಗೆದದ್ದು ನಾಲ್ಕು ದಿನಕ್ಕೆ ಒಣಗಿ ಇಟ್ಟಂಗಿ ಆಯಿತು. ಆ ವರ್ಷ ಬೆಂಡಿ ಮೊಣಕಾಲು ದಾಟಲಿಲ್ಲ. ನಿಮ್ಮ ಕಾಕು, ಅಂದರೆ ನನ್ನ ಹೆಂಡತಿ, ಇವತ್ತಿಗೂ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ.

ನೀರು ಬಿಡು, ಬೇಡ ಅನ್ನುವುದಿಲ್ಲ. ಬಿಟ್ಟ ಮೇಲೆ ಕಾಲಿಡಬೇಡ. ನಾಲ್ಕು ದಿನವೋ ಆರು ದಿನವೋ, ಹದ ಬರುವವರೆಗೆ ಕಾಯಬೇಕು. ಹದ ನೋಡುವುದು ಹೀಗೆ. ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆ. ಎರಡು ಅಂಗೈ ನಡುವೆ ಶಾವಿಗೆ ಹೊಸೆದಂತೆ ಹೊಸೆ. ಎಳೆ ಬಂತಾ? ಇನ್ನೂ ಹಸಿ, ಮನೆಯೊಳಗೆ ಹೋಗು. ಎಳೆ ಬರದೆ ಮುರಿದು ಮುರಿದು ಬಿದ್ದರೆ, ಅದನ್ನೇ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಕೆಳಗೆ ಬಿಡು. ಬೇಸನ್ ಉಂಡಿ ಕೈತಪ್ಪಿ ಬಿದ್ದರೆ ಹೇಗೆ ಪುಡಿಯಾಗುತ್ತದೆ, ಹಾಗೆ ಆಗಬೇಕು. ಆವತ್ತೇ ಅಗೆಯಬೇಕು. ಎರಡು ದಿನ ತಡವಾದರೆ ಮತ್ತೆ ಕಲ್ಲು.

ಒಂದು ಅಡಿ ಆಳ ಅಗೆ. ದೊಡ್ಡ ದೊಡ್ಡ ಹೆಂಟೆ ಏಳುತ್ತವೆ. ಅವನ್ನು ಒಡೆಯುತ್ತಾ ಕೂರಬೇಡ. ಎಂಟು ದಿನ ಬಿಸಿಲಿಗೆ ಬಿಟ್ಟುಬಿಡು. ಚೆನ್ನಾಗಿ ಒಣಗಿದ ಮೇಲೆ ಒಂದು ಸಂಜೆ ಮೇಲಿಂದ ನೀರು ಚಿಮುಕಿಸು. ಮಾರನೇ ದಿನ ಕೈಯಿಟ್ಟು ನೋಡು, ಹೆಂಟೆ ತಾನೇ ಅರಳಿ ರವೆಯ ಹಾಗೆ ಉದುರುತ್ತಿರುತ್ತದೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದರಲ್ಲೇ ಒಡೆಯುತ್ತದೆ. ಬಡಿದು ರಟ್ಟೆ ನೋಯಿಸಿಕೊಳ್ಳುವ ಕೆಲಸವೇ ಅಲ್ಲ.

ಅಗೆಯುವಾಗ ಗಿಲಾವಿನ, ಅಂದರೆ ಗೋಡೆ ಗಾರೆಯ ತುಂಡು, ಸಿಮೆಂಟಿನ ಹೆಂಟೆ, ಸುಣ್ಣದ ಗಟ್ಟಿ ಏನೇ ಸಿಕ್ಕರೂ ಆರಿಸಿ ಹೊರಗೆ ಹಾಕು. ನಮ್ಮ ಎರಿಯಲ್ಲಿ ಮೊದಲೇ ಸುಣ್ಣ ಜಾಸ್ತಿ, ಹುಳಿ-ಕ್ಷಾರ ಅಳೆಯುವ ಪಿಎಚ್ 8ರ ಆಚೆಗೇ ಇರುತ್ತದೆ. ಅದಕ್ಕೇ ವೈನಿ, ಬಯ್ಯಬೇಡಿ, ಬೂದಿ ಬೇಡ ಅನ್ನುತ್ತೇನೆ. ಬೂದಿಯೂ ಸುಣ್ಣದ ಕಡೆಯದೇ. ಹೇನು ಬಿದ್ದಾಗ ಎಲೆ ಮೇಲೆ ಒಂದು ಹಿಡಿ ಉದುರಿಸಿದರೆ ಸರಿ, ಬುಟ್ಟಿಗಟ್ಟಲೆ ಮಣ್ಣಿಗೆ ಸುರಿದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ನಿಮ್ಮ ಮನೆ ಮುಂದಿನ ದಾಸವಾಳ ಹಾಗೇ ಇದೆ ಅಲ್ವಾ?

ಗೊಬ್ಬರದ ವಿಷಯ. 10 ಅಡಿ 10 ಅಡಿ ಜಾಗಕ್ಕೆ ಕಡಿಮೆ ಅಂದರೂ 25 ಕಿಲೋ ಸೆಗಣಿ ಗೊಬ್ಬರ. ನಾನು 40ರವರೆಗೆ ಹಾಕುತ್ತೇನೆ. ಆದರೆ ಕೊಳೆತು ಕರಿ ಪುಡಿಯಾದದ್ದು, ಮೂಗಿಗೆ ಹಿಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಸೆಗಣಿ ವಾಸನೆ ಬಂದರೆ ವಾಪಸ್ ಕಳಿಸು. ಒಂದು ಸಲ ಹಳೇ ಗೊಬ್ಬರ ಅಂತ ಹೇಳಿ ನನಗೆ ಹಸಿದನ್ನೇ ಇಳಿಸಿ ಹೋದರು. ತಿಂಗಳೊಳಗೆ ಬೆರಳು ಗಾತ್ರದ ಗೊಣ್ಣೆ ಹುಳ, ಬದನೆ ಸಸಿ ಎಲ್ಲ ಬುಡದಲ್ಲೇ ಹೋದವು. ಗೊಬ್ಬರದ ಜೊತೆ ಒಂದು ಕಿಲೋ ಬೇವಿನ ಹಿಂಡಿ ಬೆರೆಸು. ಕುರಿ ಹಿಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು.

ಎತ್ತರದ ಮಡಿ ಮಳೆಗಾಲಕ್ಕೆ. ಆ ವಿಡಿಯೋ ಮಾಡಿದವರ ಊರಲ್ಲಿ ನೀರು ನಿಲ್ಲುವುದೇ ಚಿಂತೆ ಇರಬೇಕು. ನಮಗೆ ಏಪ್ರಿಲ್ ಬಂತು ಅಂದರೆ 40 ಡಿಗ್ರಿ. ಎತ್ತರದ ಮಡಿ ನಾಲ್ಕೂ ಕಡೆಯಿಂದ ಒಣಗುತ್ತದೆ. ನೀನು ತಗ್ಗು ಮಡಿ ಮಾಡು, ನೆಲಕ್ಕಿಂತ ಮೂರು ನಾಲ್ಕು ಬೆರಳು ಕೆಳಗೆ, ಸುತ್ತ ಸಣ್ಣ ಒಡ್ಡು. ಹೀರಿ, ಸವತಿ, ಹಾಗಲಕ್ಕೆ ಒಂದೂವರೆ ಅಡಿ ಗುಣಿ ತೆಗೆದು, ಅರ್ಧ ಗೊಬ್ಬರ ತುಂಬಿ, ಗುಣಿಗೆ ಮೂರು ಬೀಜ. ಹಾಗಲದ ಬೀಜ ರಾತ್ರಿ ನೆನೆಸದೇ ಹಾಕಿದರೆ ಹದಿನೈದು ದಿನ ಮುಖ ತೋರಿಸುವುದಿಲ್ಲ. ಬೆಂಡಿಯಲ್ಲಿ ಅರ್ಕಾ ಅನಾಮಿಕಾ ಕೇಳಿ ತಗೋ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮಾಡಿದ ತಳಿ. ಬಿಳಿ ನೊಣ ಹರಡುವ ಹಳದಿ ನರದ ರೋಗ ತಡೆಯಲೆಂದೇ ಮಾಡಿದ್ದು. ಬ್ಯಾಸಗಿಯಲ್ಲಿ ಆ ನೊಣದ ಕಾಟವೇ ದೊಡ್ಡದು. ಚವಳಿಕಾಯಿ, ಅಂದರೆ ಗೋರಿಕಾಯಿ, ಎಲ್ಲಿ ಹಾಕಿದರೂ ಬರುತ್ತದೆ, ಅದರ ಬಗ್ಗೆ ಹೇಳುವುದೇ ಇಲ್ಲ.

ಟೊಮೆಟೊ ಈಗ ಬೇಡ. ಸಸಿ ಬೆಳೆದು ಹೂ ಬಿಡುವ ಹೊತ್ತಿಗೆ ಬಿಸಿಲು ಏರಿ ಹೂವೆಲ್ಲ ಉದುರುತ್ತದೆ. ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರದ ಮಳೆ ಬಿದ್ದ ಮೇಲೆ ನೋಡೋಣ.

ಬೀಜ ಎದ್ದ ಮೇಲೆ ನೆಲ ಬರಿ ಬಿಡಬೇಡ. ಜೋಳದ್ದೋ ಕಬ್ಬಿನದ್ದೋ ರವದಿ, ಅಂದರೆ ಒಣ ಗರಿ, ನಾಲ್ಕು ಬೆರಳು ದಪ್ಪ ಹಾಸು. ತೊಗರಿ ರಾಶಿ ಮುಗಿದಿದೆಯಲ್ಲ, ಹಳ್ಳಿ ಕಡೆಯಿಂದ ಬರುವ ಯಾರಿಗಾದರೂ ಹೇಳಿ ಒಂದು ಹೊರೆ ತೊಗರಿ ಕಟ್ಟಿಗೆ ತರಿಸು. ಪಡುವಣ ಕಡೆ ಸಾಲಾಗಿ ನೆಟ್ಟರೆ ಮಧ್ಯಾಹ್ನ ಮೂರರ ಬಿಸಿಲು ತಡೆಯುತ್ತದೆ, ಹೀರಿ ಬಳ್ಳಿಗೂ ಆಸರೆ. ಇನ್ನೊಂದು, ಆರ್‌ಓ ಮಷೀನಿನಿಂದ ಹೊರಬೀಳುವ ನೀರನ್ನು ದಂಡವಾಗುತ್ತದೆ ಅಂತ ಗಿಡಕ್ಕೆ ಹಾಕಬೇಡ. ಬೋರಿನ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಅದರಲ್ಲಿ ಬಾತ್‌ರೂಮ್ ತೊಳಿ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಅರ್ಧ ಕಿಲೋ ಮಣ್ಣು ಒಯ್ದು ತೋರಿಸು. ಯಾರೋ ಹೇಳಿದರು ಅಂತ ಜಿಪ್ಸಂ ತಂದು ಸುರಿಯಬೇಡ.

ಇನ್ನು ಯುಗಾದಿ. ಶಿವರಾತ್ರಿಗೆ ಎಂಟು ದಿನ ಇದೆ, ಅಲ್ಲಿಂದ ಯುಗಾದಿಗೆ ಒಂದು ತಿಂಗಳು. ಹದಕ್ಕೆ, ಹೆಂಟೆ ಒಣಗುವುದಕ್ಕೆ ಹದಿನೈದು ಇಪ್ಪತ್ತು ದಿನ ಹೋಗಿಯೇ ಹೋಗುತ್ತದೆ. ಹಬ್ಬದ ದಿನ ಎಳೆ ಮೆಂತ್ಯೆ ಪಲ್ಯ ಸಿಗಬಹುದು, ಅದೂ ರೊಟ್ಟಿ ಜೊತೆ ಹಸಿಯಾಗಿ ತಿನ್ನುವಷ್ಟು. ಬೆಂಡಿಗೆ ಅಲ್ಲಿಂದ ಇನ್ನೊಂದು ತಿಂಗಳು ಕಾಯಬೇಕು.

ಈ ಕುಕ್ಕರ್ ಸೀಟಿ ಕೇಳಿಸಿತಾ, ನಿಮ್ಮ ಕಾಕು ಕರೆಯುತ್ತಿದ್ದಾಳೆ. ಇವತ್ತು ರಾತ್ರಿ ನೀರು ಬಿಡು. ಶನಿವಾರ ಉಂಡೆ ಕಟ್ಟಿ ಬಿಟ್ಟು ಫೋಟೋ ಕಳಿಸು. ಕೈಯಲ್ಲಿ ಹಿಡಿದದ್ದಲ್ಲ, ಕೆಳಗೆ ಬಿದ್ದದ್ದರ ಫೋಟೋ.